ಆರ್ಪಿಂಗ್ಟನ್ ಕೋಳಿಯ ಮೊಟ್ಟೆಗಳನ್ನು ಇನ್‌ಕ್ಯುಬೇಟರಿಗೆ ಇಡುವ ಮುನ್ನ ಇದನ್ನು ಓದಿ

ಮೊಟ್ಟೆಗೆ ಕಾವು ಕೊಡುವ ಯಂತ್ರವಾದ ಇನ್‌ಕ್ಯುಬೇಟರಿನ ಮುಚ್ಚಳದ ಮೇಲೆ ಮಿನುಗುವ ಉಷ್ಣತೆಯ ಅಂಕಿಯನ್ನು ಪರೀಕ್ಷಿಸದೆ ನಂಬಬೇಡಿ. ನಾನು ನಂಬಿದೆ. ಒಳಗೆ ಜೀವ ಮಿಡಿಯುತ್ತಿದ್ದ 15 ಮೊಟ್ಟೆಗಳಲ್ಲಿ ಕೊನೆಗೆ ಬದುಕಿದ್ದು ಮೂರು ಮರಿಗಳು. ಉಳಿದ 12ರ ಸಾವಿಗೆ ಯಂತ್ರದ ತಪ್ಪು ಎಷ್ಟು ಕಾರಣವೋ ನನ್ನ ಅವಸರವೂ ಅಷ್ಟೇ ಕಾರಣ.

ನನ್ನಲ್ಲಿರುವುದು ಹೊಂಬಣ್ಣದ ಆರ್ಪಿಂಗ್ಟನ್‌ಗಳು: ಒಂದು ಹುಂಜ, ನಾಲ್ಕು ಹೇಂಟೆ. ಮೈತುಂಬ ಮೃದುವಾದ ಪುಕ್ಕ, ಭಾರವಾದ ದೇಹ, ಸಾಧು ಸ್ವಭಾವ. 1886ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ವಿಲಿಯಂ ಕುಕ್ ಎಂಬಾತ ಮೊಟ್ಟೆ ಮತ್ತು ಮಾಂಸ ಎರಡಕ್ಕೂ ಆಗಲೆಂದು ಬೆಳೆಸಿದ ತಳಿ ಇದು. ಕಾವಿಗೆ ಕೂರುವ ಗುಣ ಇದರ ರಕ್ತದಲ್ಲೇ ಇದೆ. ಇದನ್ನು ಹೇಳಲು ಕಾರಣವಿದೆ. ನಾನು ಯಂತ್ರ ತಂದ ವಾರವೇ ಒಂದು ಹೇಂಟೆ ಗೂಡು ಬಿಟ್ಟು ಏಳದೆ ಕಾವಿಗೆ ಕೂತಿತ್ತು. ಅದರ ಅಡಿಯಲ್ಲಿ ಹತ್ತು ಮೊಟ್ಟೆ ಹಿಡಿಯಬಹುದಿತ್ತು. ಯಂತ್ರದಲ್ಲಾದರೆ 18 ಇಡಬಹುದೆಂದು ಅದನ್ನು ಮತ್ತೆ ಮತ್ತೆ ಎಬ್ಬಿಸಿ ಕಾವು ಬಿಡಿಸಿದೆ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ.

ಏಳನೆಯ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿದಾಗ ಮೂರು ಮೊಟ್ಟೆಗಳು ಖಾಲಿಯಾಗಿದ್ದವು. ಅದು ದೊಡ್ಡ ವಿಷಯವಲ್ಲ. ಈ ತಳಿಯಲ್ಲಿ ಹಿಂಭಾಗದ ದಟ್ಟ ಪುಕ್ಕ ಕೂಡುವಿಕೆಗೆ ಅಡ್ಡಿಯಾಗುವುದುಂಟು; ಹುಂಜ, ಹೇಂಟೆ ಎರಡಕ್ಕೂ ಗುದದ ಸುತ್ತಲಿನ ಪುಕ್ಕವನ್ನು ಕತ್ತರಿಸಿದರೆ ಫಲವತ್ತಾದ ಮೊಟ್ಟೆಗಳು ಹೆಚ್ಚುತ್ತವೆ. ನಾನು ಗಮನಿಸಬೇಕಾಗಿದ್ದದ್ದು ಉಳಿದ 15ನ್ನು. ಅವುಗಳಲ್ಲಿ ರಕ್ತನಾಳಗಳ ಬಲೆ ತೆಳ್ಳಗಿತ್ತು, ಭ್ರೂಣ ಚಿಕ್ಕದಾಗಿತ್ತು. ಐದನೆಯ ದಿನದ ಮೊಟ್ಟೆ ಹಾಗಿರುತ್ತದೆ. ಹದಿನಾಲ್ಕನೆಯ ದಿನವೂ ಬೆಳವಣಿಗೆ ಹಿಂದೆಯೇ ಇತ್ತು. ಆದರೆ ಫ್ಯಾನ್ ಇರುವ ಯಂತ್ರದಲ್ಲಿ ಇರಬೇಕಾದ 37.5 ಡಿಗ್ರಿಯನ್ನು ಅದು ತೋರಿಸುತ್ತಲೇ ಇತ್ತು. ಕಣ್ಣೆದುರಿನ ಮೊಟ್ಟೆಗಿಂತ ಆ ಅಂಕಿಯನ್ನೇ ನಾನು ಹೆಚ್ಚು ನಂಬಿದೆ.

ಹದಿನೆಂಟನೆಯ ದಿನ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿ, ತೇವಾಂಶವನ್ನು ಶೇಕಡ 70ರ ಹತ್ತಿರಕ್ಕೆ ಏರಿಸಿದೆ. ಮರಿಗಳು ಹೊರಬರಬೇಕಾದ ಇಪ್ಪತ್ತೊಂದನೆಯ ದಿನ ಬಂತು, ಹೋಯಿತು. ಒಂದು ಬಿರುಕೂ ಕಾಣಲಿಲ್ಲ. ಇಪ್ಪತ್ತೆರಡನೆಯ ದಿನ ಸಂಜೆ ಒಂದು ಮೊಟ್ಟೆಯಲ್ಲಿ ಕೊಕ್ಕಿನ ಗಾತ್ರದ ತೂತು ಬಿತ್ತು, ಒಳಗಿನಿಂದ ಚಿಂವ್ ಎಂಬ ದನಿ ಕೇಳಿತು. ಅಲ್ಲಿಂದ ಮುಂದೆ ನನ್ನ ಕೈ ಸುಮ್ಮನಿರಲಿಲ್ಲ. ಇನ್ನೊಂದು ಒಡೆದಿದೆಯೇ ಎಂದು ಗಂಟೆಗೊಮ್ಮೆ ಮುಚ್ಚಳ ತೆಗೆದೆ. ತೆಗೆದಾಗಲೆಲ್ಲ ಹಬೆಯಂತಹ ಆ ತೇವ ಹೊರಗೆ ಹೋಗುತ್ತದೆ. ತೂತು ಬಿದ್ದ ಮೊಟ್ಟೆಯ ಒಳಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಮರಿ ತಿರುಗಿ ಚಿಪ್ಪನ್ನು ಸುತ್ತಲೂ ಕೊರೆಯಲಾರದು.

ಹತ್ತು ಗಂಟೆ ಕಳೆದರೂ ತೂತು ದೊಡ್ಡದಾಗಲಿಲ್ಲ. ಪಾಪ, ಸಿಕ್ಕಿಕೊಂಡಿದೆ ಎಂದು ಚಿಮುಟದಿಂದ ಚಿಪ್ಪನ್ನು ಬಿಡಿಸತೊಡಗಿದೆ. ಎರಡನೆಯ ತುಣುಕಿಗೇ ರಕ್ತ ಬಂತು. ಮೊದಲ ತೂತು ಬಿದ್ದ ಮೇಲೆ ಪೂರ್ತಿ ಹೊರಬರಲು ಮರಿಗೆ 24 ಗಂಟೆಯಾದರೂ ಹಿಡಿಯಬಹುದು. ಆ ಹೊತ್ತಿನಲ್ಲಿ ಅದು ಬರಿದೇ ಮಲಗಿರುವುದಿಲ್ಲ: ಪೊರೆಯ ನಾಳಗಳಲ್ಲಿರುವ ರಕ್ತ ಮೈಯೊಳಗೆ ಸೇರುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಎಳೆದುಕೊಳ್ಳಲ್ಪಡುತ್ತಿರುತ್ತದೆ. ನಾನು ಹೊರತೆಗೆದ ಮರಿಯ ಹೊಕ್ಕುಳಲ್ಲಿ ಹಳದಿ ಇನ್ನೂ ಜೋತಾಡುತ್ತಿತ್ತು. ಅಂಗೈಯಲ್ಲಿ ಅದು ಅರ್ಧ ಗಂಟೆ ಉಸಿರಾಡಿತು.

ಆಮೇಲೆ ನಾಲ್ಕು ಮರಿಗಳು ತಾವಾಗಿಯೇ ಹೊರಬಂದವು. ಅವುಗಳಲ್ಲಿ ಒಂದು ಎದ್ದು ನಿಲ್ಲಲಾರದೆ ಮರುದಿನ ಸತ್ತಿತು. ಇಪ್ಪತ್ತೈದನೆಯ ದಿನ ಉಳಿದ ಹತ್ತು ಮೊಟ್ಟೆಗಳನ್ನು ಒಡೆದು ನೋಡಿದೆ. ಹೆಚ್ಚಿನವು ಪೂರ್ತಿ ಬೆಳೆದು, ಪುಕ್ಕ ಮೂಡಿ, ಚಿಪ್ಪಿನೊಳಗೇ ಸತ್ತಿದ್ದವು.

ಆ ಮೇಲಷ್ಟೇ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಬೇರೊಂದು ಥರ್ಮಾಮೀಟರ್ ತಂದು, ಅದನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಂದೇ ಲೋಟದ ಬೆಚ್ಚಗಿನ ನೀರಿನಲ್ಲಿ ಇಟ್ಟು ಎರಡೂ ಒಂದೇ ಅಂಕಿ ತೋರಿಸುವುದನ್ನು ಖಚಿತಪಡಿಸಿಕೊಂಡೆ. ಬಳಿಕ ಅದನ್ನು ಯಂತ್ರದೊಳಗೆ, ಮೊಟ್ಟೆಯ ಎತ್ತರದಲ್ಲಿ ಇಟ್ಟೆ. ಮುಚ್ಚಳ 37.5 ಎನ್ನುತ್ತಿತ್ತು, ಒಳಗೆ ಇದ್ದದ್ದು 36.3. ಮೂರು ವಾರ ಮೊಟ್ಟೆಗಳು ಆ ಕಡಿಮೆ ಕಾವಿನಲ್ಲೇ ಇದ್ದವು. ತೇವಾಂಶದ ಮಾಪಕಕ್ಕೂ ಸುಲಭದ ಪರೀಕ್ಷೆ ಇದೆ: ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಒದ್ದೆಯಾಗುವಷ್ಟು ಮಾತ್ರ ನೀರಿನಲ್ಲಿ ಕಲಸಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಅದು 75ರ ಆಸುಪಾಸು ತೋರಿಸಬೇಕು. ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಬರೆದಿಟ್ಟುಕೊಳ್ಳಿ. ನನ್ನದು ಆರು ಅಂಕಿ ಹೆಚ್ಚು ತೋರಿಸುತ್ತಿತ್ತು.

ಫ್ಯಾನ್ ಇಲ್ಲದ ಯಂತ್ರದಲ್ಲಿ ಮೇಲಿನ ಗಾಳಿ ಬಿಸಿ, ಕೆಳಗಿನದು ತಂಪು. ಅಲ್ಲಿ ಅಳೆಯಬೇಕಾದದ್ದು ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ, 38.5 ಡಿಗ್ರಿಯ ಹತ್ತಿರ ಇರಬೇಕು. ಮೊಟ್ಟೆ ಇಡುವ ಮುಂಚೆ ಖಾಲಿ ಯಂತ್ರವನ್ನು ಒಂದು ದಿನವಾದರೂ ಓಡಿಸಿ ನೋಡಿ. ಮರಿಗಳು ಹೊರಬರತೊಡಗಿದ ಮೇಲೆ ಮುಚ್ಚಳ ಮುಟ್ಟಬೇಡಿ. ಹೊಟ್ಟೆಯೊಳಗೆ ಸೇರಿದ ಹಳದಿಯಿಂದಲೇ ಮರಿ ಎರಡು ದಿನ ಆಹಾರವಿಲ್ಲದೆ ಇರಬಲ್ಲದು. ಮೊದಲು ಹುಟ್ಟಿದ ಮರಿ ಹಸಿದಿದೆಯೆಂದು ಉಳಿದವನ್ನು ಬಲಿ ಕೊಡಬೇಡಿ.

ಅದೇ ಹೇಂಟೆ ಕಳೆದ ವಾರ ಮತ್ತೆ ಕಾವಿಗೆ ಕೂತಿದೆ. ಈ ಬಾರಿ ಎಬ್ಬಿಸಲಿಲ್ಲ. ಹತ್ತು ಮೊಟ್ಟೆಗಳನ್ನು ಅದರ ಅಡಿಗೆ ಸರಿಸಿದೆ. ದಿನಕ್ಕೊಮ್ಮೆ ಎದ್ದು ತಿಂದು, ಕುಡಿದು, ಹಿಕ್ಕೆ ಹಾಕಿ ಮತ್ತೆ ಹೋಗಿ ಕೂರುತ್ತದೆ. ಇವತ್ತು ಏಳನೆಯ ದಿನ. ಟಾರ್ಚ್ ಹಿಡಿದು ಎರಡು ಮೊಟ್ಟೆ ಮಾತ್ರ ನೋಡಿದೆ. ನಾಳಗಳ ಬಲೆ ಕೆಂಪಗೆ, ದಟ್ಟವಾಗಿ ಹರಡಿದೆ.