ಕಲ್ಲು ಪಾಲಿಶ್ ಮಾಡುವ ಸಣ್ಣ ಟಂಬ್ಲರ್: ಹಟ್ಟಿಯಿಂದ ಒಂದು ರಿವ್ಯೂ

ಡ್ರಮ್ಮಿನಲ್ಲಿ ಕಲ್ಲು ತಿರುಗಿಸುವುದು ನನಗೆ ಹೊಸದಲ್ಲ. ಹಟ್ಟಿ ಚಿನ್ನದ ಗಣಿಯ ಮಿಲ್‌ನಲ್ಲಿ ಫಿಟ್ಟರ್ ನಾನು. ಅಲ್ಲಿ ಬಾಲ್ ಮಿಲ್ ಒಳಗೆ ಉಕ್ಕಿನ ಗುಂಡುಗಳು ಮೇಲೇರಿ ಬಿದ್ದು ಅದಿರನ್ನು ಹಿಟ್ಟು ಮಾಡುತ್ತವೆ. ಆನ್‌ಲೈನ್‌ನಲ್ಲಿ ತರಿಸಿದ ಈ ಟಂಬ್ಲರ್ ಕೂಡ ಅದೇ ಜಾತಿಯ ಮಷೀನು, ಕೆಲಸ ಮಾತ್ರ ಉಲ್ಟಾ. ಇಲ್ಲಿ ಕಲ್ಲು ಬೀಳಬಾರದು, ಒಡೆಯಬಾರದು. ಒಂದರ ಮೇಲೊಂದು ಜಾರುತ್ತಾ ನುಣ್ಣಗಾಗಬೇಕು.

ಇರುವುದು ಒಂದು ರಬ್ಬರ್ ಬ್ಯಾರೆಲ್, ಎರಡು ರೋಲರ್, ಒಂದು ಸಣ್ಣ ಮೋಟಾರು, ಬೆಲ್ಟು. ಕಲ್ಲು, ನೀರು ಎಲ್ಲ ಸೇರಿ ಸುಮಾರು ಒಂದೂವರೆ ಕೆ.ಜಿ. ಹಿಡಿಯುತ್ತದೆ. ಬೆಲೆ ಒಳ್ಳೆ ಕಂಪನಿಯ ಮಿಕ್ಸಿಗೆ ಹತ್ತಿರ. ಬ್ಯಾರೆಲ್ ನನಗೆ ತುಂಬಾ ಹಿಡಿಸಿತು. ಗೋಡೆ ದಪ್ಪ, ಮುಚ್ಚಳ ಬಿಗಿ, ಈವರೆಗೆ ಒಂದು ಹನಿ ಸೋರಿಲ್ಲ. ದಪ್ಪ ರಬ್ಬರ್ ಇರುವುದರಿಂದ ಸದ್ದೂ ಕಡಿಮೆ. ವರಾಂಡದಲ್ಲಿ ಇಟ್ಟಿದ್ದೇನೆ, ಬಾಗಿಲು ಹಾಕಿದರೆ ಒಳಗೆ ಕೇಳುವುದಿಲ್ಲ. ಪಕ್ಕದ ಮನೆಯವರು ಮಾತ್ರ ಒಮ್ಮೆ "ಅಣ್ಣಾರ, ರಾತ್ರಿ ಏನ್ ಹಚ್ಚಿರ್ತೀರಿ, ಸರ್ ಸರ್ ಅಂತೈತಲ್ರಿ" ಎಂದು ಕೇಳಿದರು. ಕರೆದು ತೋರಿಸಿದೆ. ಈಗ ಅವರ ಹುಡುಗನೂ ಕಲ್ಲು ಆರಿಸಿಕೊಂಡು ಬರುತ್ತಾನೆ.

ವೇಗಕ್ಕೆ ಮೂರು ಹಂತ ಕೊಟ್ಟಿದ್ದಾರೆ. ಇದು ಸುಮ್ನೆ ಶೋಕಿಗಲ್ಲ. ಜೋರಾಗಿ ತಿರುಗಿದರೆ ಕಲ್ಲು ಮೇಲಿಂದ ಬಿದ್ದು ಅಂಚು ಒಡೆಯುತ್ತದೆ, ಮೈಮೇಲೆ ಅರ್ಧಚಂದ್ರಾಕಾರದ ಬಿಳಿ ಪೆಟ್ಟಿನ ಗುರುತು ಉಳಿಯುತ್ತದೆ. ಬ್ಯಾರೆಲ್ ಅರ್ಧ ಖಾಲಿ ಇದ್ದರೂ ಇದೇ ಗತಿ. ಮೂರನೇ ಎರಡು ಭಾಗದಿಂದ ಮುಕ್ಕಾಲಿನ ತನಕ ತುಂಬಿರಬೇಕು. ಕಲ್ಲು ಸಾಲದಿದ್ದರೆ ಸೆರಾಮಿಕ್ ಗುಳಿಗೆ ಸೇರಿಸಿ.

ಕಲ್ಲಿನ ವಿಷಯದಲ್ಲಿ ನಮ್ಮ ಜಿಲ್ಲೆ ಪುಣ್ಯ ಮಾಡಿದೆ. ಗಣಿಯ ಕಲ್ಲು ಸರ್ಕಾರಿ ಕಂಪನಿಯದು, ಅದನ್ನು ಮುಟ್ಟುವ ಮಾತೇ ಇಲ್ಲ. ನಾನು ಹೋಗುವುದು ಜಲದುರ್ಗದ ಕಡೆ, ಕೃಷ್ಣಾ ದಂಡೆಗೆ. ನಮ್ಮ ನೆಲದ ಬಂಡೆ 250 ಕೋಟಿ ವರ್ಷಕ್ಕಿಂತ ಹಳೆಯದು, ಹೆಚ್ಚಾಗಿ ಗ್ರಾನೈಟ್ ಜಾತಿಯದು. ದಂಡೆಯಲ್ಲಿ ಸಿಗುವ ಅಗೇಟ್, ಅಂದರೆ ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು, ಇಲ್ಲಿ ಹುಟ್ಟಿದ್ದಲ್ಲ. ಮಹಾರಾಷ್ಟ್ರದ ಕಡೆ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾದ ಗುಳ್ಳೆಗಳಲ್ಲಿ ಅದು ಬೆಳೆದದ್ದು. ಹೊಳೆ ಅದನ್ನು ಉರುಳಿಸಿಕೊಂಡು ಇಲ್ಲಿವರೆಗೆ ತಂದಿದೆ. ಅರ್ಧ ಕೆಲಸ ನದಿಯೇ ಮಾಡಿ ಕೊಟ್ಟಿರುತ್ತೆ. ಒಂದು ಎಚ್ಚರ: ನಾರಾಯಣಪುರದ ಬಸವಸಾಗರದಿಂದ ನೀರು ಬಿಡುವ ಸುದ್ದಿ ಇದ್ದಾಗ ದಂಡೆಗೆ ಇಳಿಯಲೇಬೇಡಿ. ಹಾಗೆಯೇ ಮಸ್ಕಿಯ ಪುರಾತನ ಜಾಗದಲ್ಲಿ ಒಂದು ಹರಳನ್ನೂ ಎತ್ತಬೇಡಿ. 1954ರ ಉತ್ಖನನದಲ್ಲಿ ಅಲ್ಲಿ ಅಗೇಟ್, ಕಾರ್ನೀಲಿಯನ್ (ಅದೇ ಜಾತಿಯ ಕೆಂಪು ಕಲ್ಲು) ಮಣಿಗಳು ಸಿಕ್ಕಿವೆ. ನಮಗಿಂತ ಎಷ್ಟೋ ಮೊದಲು ಈ ಊರುಗಳಲ್ಲಿ ಜನ ಇಂಥ ಕಲ್ಲಿಗೆ ಹೊಳಪು ನೋಡಿದ್ದಾರೆ ಅಂದರೆ ಮೈ ಜುಮ್ ಅನ್ನುತ್ತೆ.

ಅಗೇಟ್, ಜಾಸ್ಪರ್ (ಬೆಳಕು ದಾಟದ ಬಣ್ಣದ ಕಲ್ಲು), ಬೆಣಚುಕಲ್ಲು ಒಟ್ಟಿಗೆ ಹಾಕಬಹುದು, ಕಲ್ಲಿನ ಗಡಸುತನ ಅಳೆಯುವ 1ರಿಂದ 10ರ ಮೋಸ್ ಅಳತೆಯಲ್ಲಿ ಮೂರೂ 7ರ ಆಸುಪಾಸು. ಗ್ರಾನೈಟ್ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅದರೊಳಗಿನ ಅಭ್ರಕ ಮೆತ್ತಗೆ, ಬೇಗ ಸವೆದು ಮೈಯೆಲ್ಲ ಕುಳಿ ಬೀಳುತ್ತದೆ.

ನಾಲ್ಕು ಹಂತ, ಹಂತಕ್ಕೆ ಸುಮಾರು ಒಂದು ವಾರ. ಮೊದಲು ಕಲ್ಲನ್ನು ಉಜ್ಜಿ ಸವೆಸುವ ಒರಟು ಸಿಲಿಕಾನ್ ಕಾರ್ಬೈಡ್ ಪುಡಿ ನಾಲ್ಕು ದೊಡ್ಡ ಚಮಚ. ನೀರು ಮೇಲಿನ ಕಲ್ಲಿಗಿಂತ ಸ್ವಲ್ಪ ಕೆಳಗೆ. ನಾಲ್ಕೈದು ದಿನಕ್ಕೆ ಒಳಗಿನ ಸ್ಲರಿ, ಅಂದರೆ ಪುಡಿ ನೀರು ಬೆರೆತ ಕೆಸರು, ಜೋಳದ ಅಂಬಲಿಯ ಹದಕ್ಕೆ ಬರಬೇಕು. ಆಮೇಲೆ 120/220 ನಂಬರಿನ ಪುಡಿ, ಆಮೇಲೆ 500 (ನಂಬರು ಹೆಚ್ಚಾದಷ್ಟೂ ಪುಡಿ ನುಣುಪು), ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್. ಹಂತ ಬದಲಿಸುವಾಗ ಹಳೆ ಬ್ರಶ್‌ನಿಂದ ಒಂದೊಂದು ಕಲ್ಲಿನ ಬಿರುಕು, ಮುಚ್ಚಳದ ಅಂಚು, ಬ್ಯಾರೆಲ್ಲಿನ ಮೂಲೆ ಎಲ್ಲ ತೊಳೆಯಬೇಕು. ಒರಟು ಪುಡಿಯ ಒಂದೇ ಕಣ ಪಾಲಿಶ್ ಹಂತಕ್ಕೆ ಸೇರಿದರೂ ಇಡೀ ಬ್ಯಾರೆಲ್ಲಿಗೆ ಗೀರು. ಹೊಳಪನ್ನು ಕಲ್ಲು ಒಣಗಿಸಿಯೇ ನೋಡಿ. ಒದ್ದೆ ಇದ್ದಾಗ ಯಾವ ಕಲ್ಲಾದರೂ ಚೆಂದವೇ ಅಲ್ವಾ? ನನ್ನ ಹತ್ತಿರ ಒಂದು ಕೆಂಪು ಜಾಸ್ಪರ್ ಇದೆ, ಹೆಬ್ಬೆರಳ ಉಗುರಿನಷ್ಟು. ನಡುವೆ ಕೂದಲೆಳೆಯಂಥ ಬಿಳಿ ಗೆರೆ. ಹೊಳೆಯಿಂದ ತಂದಾಗ ಆ ಗೆರೆ ಕಾಣುತ್ತಲೇ ಇರಲಿಲ್ಲ. ಈಗ ಒಣಗಿದ ಮೈಯಲ್ಲೂ ಟ್ಯೂಬ್‌ಲೈಟ್ ಉದ್ದಕ್ಕೆ ಕಾಣುತ್ತದೆ.

ಮಷೀನಿನ ಜೊತೆ ಬಂದ ಪುಸ್ತಿಕೆಯಲ್ಲಿ ಧೂಳಿನ ಬಗ್ಗೆ ಒಂದೇ ಸಾಲು ಇದೆ. ಇದು ನನಗೆ ಸರಿಬರಲಿಲ್ಲ. ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಬಂದರೆ ವಾಸಿಯಾಗುವುದಿಲ್ಲ. ಗಣಿ ಊರಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಟಂಬ್ಲರ್‌ನಲ್ಲಿ ಎಲ್ಲ ಒದ್ದೆ ಇರುವುದರಿಂದ ಭಯವಿಲ್ಲ. ನೆಲಕ್ಕೆ ಚೆಲ್ಲಿ ಒಣಗಿದ ಕೆಸರೇ ಅಪಾಯ. ಅದನ್ನು ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಸ್ಲರಿಯನ್ನು ಬಚ್ಚಲಿಗೂ ಸುರಿಯಬೇಡಿ, ಪೈಪಿನಲ್ಲಿ ಸಿಮೆಂಟಿನ ಥರ ಕೂರುತ್ತದೆ. ನಾನು ಹಳೆ ಬಕೆಟ್ಟಿಗೆ ಹಾಕಿ, ಗಟ್ಟಿಯಾದ ಮೇಲೆ ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡುತ್ತೇನೆ.

ಇನ್ನು ದೂರುಗಳು. ದೊಡ್ಡ ದೂರು ಟೈಮರ್‌ನದು. ಕರೆಂಟ್ ಹೋಗಿ ಬಂದರೆ ಮಷೀನು ತಾನಾಗಿ ಶುರುವಾಗುವುದಿಲ್ಲ, ಮತ್ತೆ ಗುಂಡಿ ಒತ್ತಬೇಕು. ನಾನು ನೈಟ್ ಶಿಫ್ಟಿನಲ್ಲಿ ಇದ್ದಾಗ ಕರೆಂಟ್ ಹೋದರೆ ಬೆಳಗಿನ ತನಕ ನಿಂತೇ ಇರುತ್ತದೆ. ಹಗಲೂ ರಾತ್ರಿ ವಾರಗಟ್ಟಲೆ ಓಡಬೇಕಾದ ಮಷೀನಿಗೆ ಹೀಗೆ ಮಾಡಬಾರದಿತ್ತು. ಎರಡನೆಯದು, ಜೊತೆಗೆ ಕೊಟ್ಟ ಪುಡಿ ಒಂದು ಬ್ಯಾರೆಲ್ಲಿಗೆ ಮುಗಿಯುತ್ತದೆ. ಒರಟು ಪುಡಿಯೇ ಜಾಸ್ತಿ ಖರ್ಚು, ಅದನ್ನು ಕೆ.ಜಿ. ಲೆಕ್ಕದಲ್ಲಿ ಬೇರೆ ತರಿಸಿಕೊಳ್ಳಿ. ಮೋಟಾರು ಏಪ್ರಿಲ್, ಮೇ ಬಿಸಿಲಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ. 40 ಡಿಗ್ರಿ ದಾಟುವ ನಮ್ಮ ಊರಲ್ಲಿ ಮಧ್ಯಾಹ್ನ ನಿಲ್ಲಿಸಿ ಸಂಜೆ ಹಚ್ಚುವುದೇ ಒಳ್ಳೆಯದು. ರೋಲರ್ ತುದಿಗೆ ಆಗಾಗ ಒಂದು ಹನಿ ಎಣ್ಣೆ ಬಿಡಿ. ಬೆಲ್ಟಿಗೆ ತಾಗಬಾರದು, ತಾಗಿದರೆ ಜಾರುತ್ತದೆ.

ಇಷ್ಟಾದರೂ ನಾನು ಇದನ್ನು ತಗೊಳ್ಳಿ ಎಂದೇ ಹೇಳುತ್ತೇನೆ. ಬ್ಯಾರೆಲ್ ಗಟ್ಟಿ, ಪಾಲಿಶ್ ನಿಜಕ್ಕೂ ಚೆನ್ನಾಗಿ ಬರುತ್ತದೆ. ತರಿಸುವ ಮೊದಲು ಮಾರುವವರಿಗೆ ಎರಡು ಪ್ರಶ್ನೆ ಕೇಳಿ. ಕರೆಂಟ್ ಬಂದಾಗ ತಾನೇ ಶುರುವಾಗುವ ಮಾಡೆಲ್ ಇದೆಯಾ? ಬೆಲ್ಟು ಬಿಡಿಯಾಗಿ ಸಿಗುತ್ತಾ? ಸಿಗುವುದಾದರೆ ಮಷೀನಿನ ಜೊತೆಗೇ ಎರಡು ಬೆಲ್ಟು ಹಾಕಿಸಿಕೊಳ್ಳಿ.