ಸಕ್ಕರೆ ಕಾಯಿಲೆಯವರ ತಟ್ಟೆಗೆ ಕುಚ್ಚಲಕ್ಕಿಯೋ, ಸೋನಾ ಮಸೂರಿಯೋ?

ಒಂದು ಬಟ್ಟಲು ಅನ್ನ, ಅಂದರೆ ಸುಮಾರು 150 ಗ್ರಾಂ, ಯಾವ ಅಕ್ಕಿಯದಾದರೂ 40 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಕೊಡುತ್ತದೆ. ವ್ಯತ್ಯಾಸವಿರುವುದು ಅದು ರಕ್ತಕ್ಕೆ ಸೇರುವ ವೇಗದಲ್ಲಿ.

ಪಾಲಿಶ್ ಆದ ಸೋನಾ ಮಸೂರಿಯಲ್ಲಿ ತೌಡು ಹೋಗಿರುತ್ತದೆ; ಅನ್ನ ಮೆತ್ತಗಾದಷ್ಟೂ ಸಕ್ಕರೆ ಬೇಗ ಏರುತ್ತದೆ. ಕುಚ್ಚಲಕ್ಕಿಯನ್ನು ಭತ್ತವಾಗಿದ್ದಾಗಲೇ ಬೇಯಿಸಿ ಒಣಗಿಸುವುದರಿಂದ ಪಿಷ್ಟ ಬಿಗಿಯಾಗಿ, ಸಾಮಾನ್ಯವಾಗಿ ನಿಧಾನಕ್ಕೆ ಜೀರ್ಣವಾಗುತ್ತದೆ. ಕೊಳ್ಳುವಾಗ ನಾಲ್ಕು ಕಾಳು ಅಂಗೈಯಲ್ಲಿಟ್ಟು ನೋಡಿ: ಕೆಂಪು ಪದರ ಉಳಿದಿದ್ದರೆ ನಾರು ಹೆಚ್ಚು, ಬಿಳಿ ಕುಚ್ಚಲಕ್ಕಿಯಲ್ಲಿ ಕಡಿಮೆ.

ಕಷ್ಟವೆಂದರೆ ಸಮಯ. ಪಾತ್ರೆಯಲ್ಲಿ ನಾಲ್ಕೈದು ಪಟ್ಟು ನೀರಿಟ್ಟು ಮುಕ್ಕಾಲರಿಂದ ಒಂದು ಗಂಟೆ ಬೇಯಿಸಿ, ಬಸಿಯಬೇಕು. ಕಾಳು ಹಲ್ಲಿಗೆ ಸಿಗುವಾಗಲೇ ಇಳಿಸಿ. ಅದನ್ನೇ ಕರಗುವಷ್ಟು ಬೇಯಿಸಿ ಗಂಜಿ ಉಂಡರೆ ಲಾಭ ಕರಗಿತು. "ಕುಚ್ಚಲಕ್ಕಿ ತಾನೇ" ಎಂದು ಎರಡು ಬಟ್ಟಲು ಬಡಿಸಿಕೊಳ್ಳುವುದು ಇನ್ನೂ ದೊಡ್ಡ ತಪ್ಪು.

ಒಗ್ಗುವುದಾದರೆ ಕೆಂಪು ಕುಚ್ಚಲಕ್ಕಿಯೇ ಸರಿ. ಸೋನಾ ಮಸೂರಿ ಬಿಡಲಾಗದವರು ಮುಕ್ಕಾಲು ಬಟ್ಟಲಿಗೆ ಇಳಿಯಿರಿ. ಮೊದಲು ಪಲ್ಯ, ಹೆಸರುಬೇಳೆ ಕೋಸಂಬರಿ, ಕಾಳಿನ ಹುಳಿಯ ಹೋಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿ. ಬರೀ ತಿಳಿಸಾರು ಅನ್ನ ಬೇಡ, ಏರಿಕೆ ತಡೆಯಲು ಅದರಲ್ಲಿ ಏನೂ ಇಲ್ಲ.

ನಿಮ್ಮ ಮೈಗೆ ಯಾವುದು ಹೊಂದುತ್ತದೆಂದು ಗ್ಲೂಕೋಮೀಟರೇ ಹೇಳಲಿ. ಎರಡು ದಿನ ಅದೇ ಅಳತೆ, ಅದೇ ಪಲ್ಯ, ಅಕ್ಕಿ ಮಾತ್ರ ಬೇರೆ. ಊಟಕ್ಕೆ ಮೊದಲೊಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆ ಕಳೆದ ಮೇಲೆ ಇನ್ನೊಮ್ಮೆ ನೋಡಿ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮುನ್ನ ವೈದ್ಯರಿಗೆ ತಿಳಿಸಿ, ಸಕ್ಕರೆ ತೀರಾ ಇಳಿದುಬಿಡಬಹುದು.