ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2: ಮೆಚ್ಚಬೇಕಾದ್ದು ಅದರ ತೋಳನ್ನು

1979ರಲ್ಲಿ ಬಂದ ಈ ರೆಕಾರ್ಡ್ ಪ್ಲೇಯರ್‌ನ ಡೈರೆಕ್ಟ್ ಡ್ರೈವ್ ಮೋಟಾರನ್ನು (ಬೆಲ್ಟ್ ಇಲ್ಲದೆ ತಟ್ಟೆಯನ್ನು ನೇರವಾಗಿ ತಿರುಗಿಸುವ ಮೋಟಾರು) ಎಲ್ಲರೂ ಹೊಗಳುತ್ತಾರೆ. ನನ್ನ ಮೆಚ್ಚುಗೆ ಅದರ ಎಸ್ ಆಕಾರದ ಟೋನ್ ಆರ್ಮ್‌ಗೆ, ಅಂದರೆ ಮುಳ್ಳನ್ನು ಹೊತ್ತ ತೋಳಿಗೆ, ಸಲ್ಲುತ್ತದೆ. ಮೂಲ ತಟ್ಟೆಯನ್ನು ಕೊರೆಯುವ ಯಂತ್ರದ ಮೊನೆ ಅಂಚಿನಿಂದ ಕೇಂದ್ರದ ಕಡೆಗೆ ನೇರ ರೇಖೆಯಲ್ಲಿ ಸಾಗಿದರೆ, ಒಂದು ತುದಿಯಲ್ಲಿ ಮಾತ್ರ ತಿರುಗುವ ಈ ತೋಳು ಕಮಾನಿನಂತೆ ಚಲಿಸುವುದರಿಂದ ಮುಳ್ಳು ಗೆರೆಯ ಜಾಡಿಗೆ ಸದಾ ನೇರವಾಗಿ ನಿಲ್ಲಲಾರದು. 230 ಮಿಲಿಮೀಟರ್ ತೋಳಿನ ತುದಿಯನ್ನು ಒಳಕ್ಕೆ ಓರೆ ಮಾಡಿ, ಮುಳ್ಳು ತಟ್ಟೆಯ ಕೇಂದ್ರವನ್ನು 15 ಮಿಲಿಮೀಟರ್ ದಾಟುವಂತೆ ಜೋಡಿಸಿ, ಮುಳ್ಳು ಮತ್ತು ಜಾಡಿನ ನಡುವಿನ ಆ ಕೋನದ ವ್ಯತ್ಯಾಸವನ್ನು 3 ಡಿಗ್ರಿಗಿಂತ ಕಡಿಮೆ ಮಾಡಿದ್ದಾರೆ. ಆದರೆ ಈ ಓರೆಯೇ ತೋಳನ್ನು ಒಳಮುಖವಾಗಿ ಎಳೆಯುತ್ತದೆ. ಆದ್ದರಿಂದ ಆ ಎಳೆತವನ್ನು ಸರಿದೂಗಿಸುವ ಆಂಟಿ-ಸ್ಕೇಟಿಂಗ್ ಗುಂಡಿಯನ್ನು, ಮುಳ್ಳು ತಟ್ಟೆಯ ಮೇಲೆ ಹಾಕುವ ಭಾರಕ್ಕೆ ಸರಿಯಾಗಿ ಹೊಂದಿಸಲೇಬೇಕು. ತೋಳಿನ ಎತ್ತರ ಹೊಂದಿಸುವ ಉಂಗುರವಂತೂ ಬಹಳ ಅನುಕೂಲಕರ. ಹಳೆಯದನ್ನು ಕೊಳ್ಳುವವರು ತೋಳಿನ ಬೇರಿಂಗ್ ಅಲುಗಾಡುತ್ತದೆಯೇ ಎಂಬುದನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ಮೊದಲೇ ಪರೀಕ್ಷಿಸಬೇಕು.